ಬೋರ್ಡಿನ ಮೇಲಿನ ಜಡೆ

ಶಿಗ್ಗಾಂವಿಯ ಆ ಓಣಿಗೆ ಕಾಲಿಡುವ ಮೊದಲೇ ಖಾರ ಕುಟ್ಟುವ ಗಿರಣಿಯ ಸದ್ದು ಕೇಳುತ್ತದೆ. ಧಡಕ್, ಧಡಕ್, ಧಡಕ್. ಕಬ್ಬಿಣದ ಒನಕೆಗಳು ಸಾಲಾಗಿ ಏಳುತ್ತವೆ, ಸಾಲಾಗಿ ಬೀಳುತ್ತವೆ. ಎದುರು ಮನೆಯ ಕಿಟಕಿಯ ಗಾಜು ಅದಕ್ಕೆ ತಕ್ಕಂತೆ ಅದುರುತ್ತದೆ. ಗಾಳಿ ತಿರುಗಿತೆಂದರೆ ಮೆಣಸಿನಕಾಯಿಯ ಘಾಟು ಮೂಗಿಗೇರಿ ಓಣಿಯಲ್ಲಿ ನಡೆಯುವವರೆಲ್ಲ ಒಬ್ಬರಾದ ಮೇಲೊಬ್ಬರು ಸೀನುತ್ತಾರೆ. ಆ ಗಿರಣಿಯ ಗೋಡೆಗೆ ಗೋಡೆ ಹಚ್ಚಿಕೊಂಡೇ ರಮಜಾನಬಿಯ ಬ್ಯೂಟಿ ಪಾರ್ಲರ್, ಅದರ ಹಿಂದೆ ಅವಳ ಮನೆ. ಮದುವಣಗಿತ್ತಿಯರು ಅಲ್ಲಿ ಬಂದು ಕೂತು, ಸೀನುತ್ತ ಸೀನುತ್ತ ಸಿಂಗಾರಗೊಳ್ಳುತ್ತಾರೆ. ಕಣ್ಣಿಗೆ ಕಾಡಿಗೆ ಹಚ್ಚುವುದು ಮಾತ್ರ ಗಿರಣಿ ನಿಂತ ಮೇಲೆ.

‘ಹಾನಗಲ್ಲಾಗ ನನ್ನ ಪಾರ್ಲರಿನ್ಯಾಗ ಏಸಿ ಐತಿ. ಆದ್ರೂ ಮಂದಿ ಇಲ್ಲೇ ಬಂದು ಸೀನತಾರ,’ ಎಂದು ತನುಜಾ ಆ ಓಣಿಗೆ ತಿರುಗುವಾಗಲೆಲ್ಲ ಅಂದುಕೊಳ್ಳುತ್ತಿದ್ದಳು. ಇವತ್ತೂ ಅಂದುಕೊಂಡಳು. ಇವತ್ತು ಅವಳು ಬಂದದ್ದೇ ಜಗಳಕ್ಕೆ.

ಹಿಂದಿನ ಸಂಜೆ ತವರಿನಿಂದ, ಹಂಸಭಾವಿಯಿಂದ, ತಾಯಿ ಸಿದ್ದವ್ವನ ಫೋನು ಬಂದಿತ್ತು. ತಂಗಿ ಅಂಕಿತಾ ಚೊಚ್ಚಲ ಬಸುರಿ. ಬರುವ ಶುಕ್ರವಾರ ರಟ್ಟೀಹಳ್ಳಿಯ ಗಂಡನ ಮನೆಯಲ್ಲಿ ಅವಳ ಕುಬಸ. ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಉಡಿ ತುಂಬಿ, ಆರತಿ ಎತ್ತುವ ಕಾರ್ಯ.

“ನೀ ಏನೂ ಹೊತಗೊಂಡ ಬರಬ್ಯಾಡವಾ, ಕೈ ಬೀಸಿಕೋತ ಬಾ,” ಅಂದಿದ್ದಳು ಸಿದ್ದವ್ವ. “ಜಡಿ ಹಾಕಾಕ ರಮಜಾನಬಿ ಬರ್ತಾಳಂತ.”

“ಯಾರ ಹೇಳಿದ್ರು?”

“ಅಂಕಿತಾನ ಹೇಳಿದ್ಲು. ಆಕಿನ ಫೋನ್ ಮಾಡಿ ಕರದಾಳ.”

“ಯಾಕ, ನಾ ಏನ ಸತ್ತೇನಿ?”

“ಬಿಡ್ತು ಅನ್ನು! ಅಕ್ಕ ಒಂದ ದಿನಾ ಆರಾಮ ಕುಂದರಲಿ ಅಂದಿರಬೇಕು ತಗೋ. ಊರ ಮಂದಿ ತಲಿ ಬಾಚಿ ಬಾಚಿ ನಿನಗೂ ಸಾಕಾಗಿರೂದಿಲ್ಲೇನು?”

ಸಾಕಾಗುವ ಮಾತೇ ಅಲ್ಲ. ಹಾನಗಲ್ಲಿನ ಬಸ್ ನಿಲ್ದಾಣದ ಎದುರು ತನುಜಾಳ ಪಾರ್ಲರಿದೆ. ಬೋರ್ಡಿನ ಮೇಲೆ ಅವಳ ಹೆಸರಿಗಿಂತ ದೊಡ್ಡದಾಗಿ ಒಂದು ಫೋಟೋ. ಮದುವಣಗಿತ್ತಿಯೊಬ್ಬಳು ಕನ್ನಡಿಗೆ ಬೆನ್ನು ಕೊಟ್ಟು ಕೂತಿದ್ದಾಳೆ. ನೋಡುವವರ ಕಣ್ಣು ಅವಳ ಮುಖದ ಮೇಲೆ ನಿಲ್ಲುವುದಿಲ್ಲ, ಕನ್ನಡಿಯೊಳಗಿನ ಜಡೆಗೆ ಜಾರುತ್ತದೆ. ನೆತ್ತಿಯಿಂದ ತೊಡೆಯವರೆಗೆ ಮಲ್ಲಿಗೆ ಮೊಗ್ಗು, ನಡುನಡುವೆ ಕೆಂಪು ಗುಲಾಬಿಯ ಎಸಳು, ತುದಿಗೆ ಕುಚ್ಚು. ಬಸ್ಸು ಕಾಯುವ ಹೆಂಗಸರು ಅದನ್ನೇ ನೋಡುತ್ತ ಬಸ್ಸು ತಪ್ಪಿಸಿಕೊಂಡದ್ದುಂಟು. ಆ ಮದುವಣಗಿತ್ತಿ ಅಂಕಿತಾ. ಜಡೆ ಹಾಕಿದವಳು ತನುಜಾ. ಆ ಫೋಟೋ ನೋಡಿಯೇ ಗಿರಾಕಿಗಳು ಮೆಟ್ಟಿಲು ಹತ್ತಿ ಬಂದು, “ನಮ್ಮ ಹುಡುಗಿಗೂ ಇಂಥಾದ್ದ ಹಾಕ್ರಿ” ಅನ್ನುತ್ತಿದ್ದರು.

ಮನೆತನದ ಕೂದಲೆಲ್ಲ ಅಂಕಿತಾಳ ಪಾಲಿಗೆ ಬಂದಿತ್ತು. ತನುಜಾಳದು ಇಲಿಬಾಲದಂಥ ಜಡೆ. ಚಿಕ್ಕಂದಿನಲ್ಲಿ ಪ್ರತಿ ಭಾನುವಾರ ತಂಗಿಯನ್ನು ಮುಂದೆ ಕೂಡಿಸಿಕೊಂಡು ಎಣ್ಣೆ ತಿಕ್ಕುವಾಗ, ಒದ್ದೆ ಹಗ್ಗದಂತೆ ಭಾರವಾಗಿ ತೊಡೆಯ ಮೇಲೆ ಬೀಳುತ್ತಿದ್ದ ಆ ಕೂದಲನ್ನು ಕಂಡು ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಆಮೇಲಾಮೇಲೆ ಉರಿ ಹೋಗಿ ಹೆಮ್ಮೆ ಬಂತು. ಕೂದಲು ತಂಗಿಯದಾದರೂ ಅದರ ಮೇಲಿನ ಕೈ ತನ್ನದು. ಈಗ ಆ ತಲೆಯ ಮೇಲೆ ಇನ್ನೊಬ್ಬಳ ಕೈ ಬೀಳಲಿತ್ತು. ಅದೂ ರಮಜಾನಬಿಯ ಕೈ.

ರಮಜಾನಬಿ ಈ ಸೀಮೆಯವಳಲ್ಲ. ಮುಂಡಗೋಡದ ಆಚೆ, ಕಾಡಿನ ಅಂಚಿನ ಸಿದ್ದಿಯರ ಹಳ್ಳಿಯಲ್ಲಿ ಹುಟ್ಟಿದವಳು. ಅವಳ ಹಿರಿಯರ ಹಿರಿಯರನ್ನು ಯಾವ ಕಾಲದಲ್ಲೋ ಆಫ್ರಿಕದಿಂದ ಹಡಗಿಗೆ ತುಂಬಿ ಗೋವೆಗೆ ತಂದಿದ್ದರಂತೆ. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರಂತೆ. ದುಂಡಸಿಯ ಟ್ರ್ಯಾಕ್ಟರ್ ಡ್ರೈವರನನ್ನು ಮದುವೆಯಾಗಿ ಬಂದ ರಮಜಾನಬಿ, ಕಾಡಿನ ಬೇರು, ಸೊಪ್ಪು ಹಾಕಿ ಕುದಿಸಿದ ತಲೆ ಎಣ್ಣೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಶಿಗ್ಗಾಂವಿ ಸಂತೆಗೆ ಬರತೊಡಗಿದಳು. ಜನ ಎಣ್ಣೆಗಿಂತ ಮೊದಲು ಅವಳನ್ನು ನೋಡಿದರು.

“ಎಲ್ಲಿಂದ ಬಂದಿಬೇ, ಆಫ್ರಿಕಾದಿಂದೇನು?”

“ಮುಂಡಗೋಡ ಬಸ್ಸಿಗೆ ಬಂದೇನ್ರಿ.”

“ನಿನ್ನ ಕೂದ್ಲ ನೋಡಿದ್ರ ಗೊತ್ತಾಕ್ಕತಿ ನಿನ್ನ ಎಣ್ಣಿ ಎಂಥಾದ್ದಂತ!”

ಅವಳ ಕೂದಲು ಗುಂಗುರು ಗುಂಗುರಾಗಿ ತಲೆಗೇ ಅಂಟಿಕೊಂಡಿತ್ತು. ಅವಳು ನಕ್ಕು, “ಹೌದ್ರಿ ಅಕ್ಕಾರ. ಇಷ್ಟು ಸಿಟ್ಟಿನ ಕೂದ್ಲಾನ ಈ ಎಣ್ಣಿ ಸಮಾಧಾನ ಮಾಡೇತಿ. ನಿಮ್ಮ ಸಾದಾ ಕೂದ್ಲ ಯಾವ ಲೆಕ್ಕ?” ಅನ್ನುತ್ತಿದ್ದಳು. ಬೈಯಲು ಬಂದವಳು ಒಂದು ಬಾಟಲಿ ಒಯ್ಯುತ್ತಿದ್ದಳು.

ಅಂಗಡಿ ಹಾಕಬೇಕೆಂದಾಗ ಯಾರೂ ಖೋಲಿ ಕೊಡಲಿಲ್ಲ. ಕೊಟ್ಟವರು ಖಾರದ ಗಿರಣಿಯ ಪರಮೇಶಪ್ಪನವರು ಮಾತ್ರ. ಘಾಟಿಗೆ ಹೆದರಿ ಬೇರೆ ಯಾರೂ ಅಲ್ಲಿ ನಿಲ್ಲುತ್ತಿರಲಿಲ್ಲ. “ಸೀನಾಕ ತಯಾರಿದ್ರ ಇರು,” ಅಂದಿದ್ದರಂತೆ. ಅವಳು ಇದ್ದಳು. ದೊಡ್ಡ ಮನೆಗಳವರು ಮೊದಮೊದಲು ಬಾಣಂತಿಯರ ತಲೆಗೆ ಎಣ್ಣೆ ಒತ್ತಲು ಹಿತ್ತಲ ಬಾಗಿಲಿನಿಂದ ಕರೆದರು. ಆಮೇಲೆ ಹೆಣ್ಣುಮಕ್ಕಳ ಮದುವೆಗೆ ಪಡಸಾಲೆಗೆ ಕರೆದರು. ಈಗ ಕಾರು ಕಳಿಸಿ ಕರೆಯುತ್ತಾರೆ. ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಅವಳು ಹೋಗುವುದನ್ನು ತನುಜಾ ಒಂದೆರಡು ಸಲ ನೋಡಿದ್ದಳು. ನೋಡದಿದ್ದರೆ ಚೆನ್ನಾಗಿತ್ತು.

ಬಡವರ ಮನೆಯ ಹುಡುಗಿಯರಿಗೆ, ಗಂಡ ಬಿಟ್ಟವರಿಗೆ, ಓದು ಅರ್ಧಕ್ಕೆ ನಿಂತವರಿಗೆ ರಮಜಾನಬಿ ಕೆಲಸ ಕಲಿಸುತ್ತಿದ್ದಳು. ಕಲಿತವರು ಸವಣೂರು, ಹಾನಗಲ್ಲ, ಹಿರೇಕೆರೂರಿನಲ್ಲಿ ತಮ್ಮ ತಮ್ಮ ಹೆಸರಿನ ಬೋರ್ಡು ಹಾಕಿಕೊಂಡರು. ಅವಳು ಕಲಿಸುವ ರೀತಿ ಬೇರೆ ಎಲ್ಲೂ ಇರಲಿಲ್ಲ. ಹೊಸ ಹುಡುಗಿಯ ಕೈಗೆ ಬಾಚಣಿಗೆ ಕೊಟ್ಟು, ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತು, ತನ್ನದೇ ತಲೆಯನ್ನು ಒಪ್ಪಿಸಿಬಿಡುತ್ತಿದ್ದಳು. ಬಾಚಣಿಗೆ ಎರಡು ಬೆರಳು ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಆ ಗುಂಗುರನ್ನು ಚೌಕ ಚೌಕ ಬೈತಲೆ ತೆಗೆದು, ನೆತ್ತಿಗೆ ಅಂಟಿದಂತೆ ಸಣ್ಣ ಸಣ್ಣ ಹೆಣಿಕೆ ಹಾಕಬೇಕು.

“ಎಳಿಬ್ಯಾಡ. ಅದು ಎತ್ತ ಹೊಂಟೈತೋ ಅತ್ತ ಬಿಟ್ಟು, ಹಿಂದ ಹಿಂದ ಹೋಗು. ನನ್ನ ತಲಿ ನೋಯಿಸದ ಕೈ ಯಾರ ತಲೀನೂ ನೋಯಿಸೂದಿಲ್ಲ,” ಅನ್ನುತ್ತಿದ್ದಳು. ನೋವಾದಾಗ ನಾಲಿಗೆ ಲೊಚಗುಟ್ಟುತ್ತಿದ್ದಳು, ಅಷ್ಟೇ.

ಪಿಯುಸಿ ಮುಗಿಸಿ, ಶಿಗ್ಗಾಂವಿಯ ಸೋದರತ್ತೆಯ ಮನೆಯಲ್ಲಿದ್ದುಕೊಂಡು ತನುಜಾ ಅಲ್ಲಿಗೆ ಹೋದ ಮೊದಲ ದಿನ ಆ ಲೊಚಗುಟ್ಟುವಿಕೆ ಒಮ್ಮೆಯೂ ಕೇಳಲಿಲ್ಲ. ಎರಡನೆಯ ದಿನವೂ ಕೇಳಲಿಲ್ಲ. ತನುಜಾ ಕಾದಳು. ಒಂದು ಮಾತು ಬರುತ್ತದೆ ಎಂದು ಕಾದಳು.

“ಹೆಂಗಾತ್ರಿ ಬೂಬು?” ಎಂದು ಕೊನೆಗೆ ತಾನೇ ಕೇಳಿದಳು. ಎಲ್ಲರೂ ಅವಳನ್ನು ಬೂಬು ಅನ್ನುತ್ತಿದ್ದರು, ಅಕ್ಕ ಅಂದಂತೆ.

“ಹೂಂ. ಇನ್ನೊಂದು ಬೈತಲಿ ತಗಿ,” ಅಂದಳು ರಮಜಾನಬಿ.

ಅದೇ ವಾರ ಸವಣೂರಿನಿಂದ ನಿಖತ ಎಂಬ ಹುಡುಗಿ ಸೇರಿದಳು. ಕೈಯೋ ಕುರ್ಪಿಯೋ ಅನ್ನುವಂತೆ ಎಳೆದಳು. ರಮಜಾನಬಿಯ ಕಣ್ಣಲ್ಲಿ ನೀರು ಬಂತು, ಅದು ಖಾರದ ಘಾಟಿಗಲ್ಲ. ಆದರೂ ನಿಖತಳ ಬೆನ್ನು ತಟ್ಟಿ, “ಭೇಷ್!” ಅಂದಳು. ಆ ಶಬ್ದ ತನುಜಾಳ ಕಿವಿಯಲ್ಲಿ ಮುಳ್ಳು ಮುರಿದಂತೆ ಉಳಿದುಬಿಟ್ಟಿತು. ಈಗಲೂ ಯಾರದಾದರೂ ಮದುವೆಯಲ್ಲಿ ಸಿಕ್ಕರೆ ನಿಖತ ಬೇಕಂತಲೇ ಕೇಳುತ್ತಾಳೆ: “ನೆನಪೈತೇನ್ ತನುಜಾ, ಬೂಬು ನನಗ ಭೇಷ್ ಅಂದಿದ್ರು? ನಿನಗ ಏನ ಅಂದಿದ್ರು ಮರತ ಹೋತು ನೋಡು.”

ಹೋದ ಮಹಿಳಾ ದಿನಾಚರಣೆಗೆ ಶಿಗ್ಗಾಂವಿಯ ಕಾಲೇಜೊಂದರಲ್ಲಿ ರಮಜಾನಬಿಗೆ ಸನ್ಮಾನವಿತ್ತು. ಶಿಷ್ಯೆಯರಿಗೂ ಕರೆ ಬಂದಿತ್ತು. ತನುಜಾ ಹೊಸ ಇಳಕಲ್ ಸೀರೆ ಉಟ್ಟು ಹೋಗಿ, ಹಿಂದಿನ ಸಾಲಿನಲ್ಲಿ ಕೂತಳು. ಪ್ರಿಯಂವದಾ ಎಂಬ ಉಪನ್ಯಾಸಕಿ ಅಮೆರಿಕದ ಒಬ್ಬ ಕಪ್ಪು ಹೆಣ್ಣುಮಗಳ ಕಥೆ ಹೇಳಿದರು. ಆಕೆಯ ತಂದೆತಾಯಿ ಗುಲಾಮರಾಗಿದ್ದವರು. ಆಕೆ ಚಿಕ್ಕಂದಿನಲ್ಲೇ ಅವರನ್ನು ಕಳೆದುಕೊಂಡಳು, ಊರವರ ಬಟ್ಟೆ ಒಗೆದು ಬದುಕಿದಳು. ಒಂದು ಕಾಲಕ್ಕೆ ಆಕೆಯ ಕೂದಲೆಲ್ಲ ಉದುರತೊಡಗಿತು. ಅದಕ್ಕೆ ಔಷಧಿ ಹುಡುಕುತ್ತ ಹುಡುಕುತ್ತ ತನ್ನದೇ ಮುಲಾಮು ಮಾಡಿ, ಮನೆ ಮನೆಗೆ ಹೋಗಿ ಮಾರಿ, ಸಾವಿರಾರು ಹೆಂಗಸರಿಗೆ ಆ ಕೆಲಸ ಕಲಿಸಿ ಸ್ವಂತ ಕಾಲ ಮೇಲೆ ನಿಲ್ಲಿಸಿದಳು. ನೂರು ವರ್ಷಗಳ ಹಿಂದೆಯೇ ದೊಡ್ಡ ಉದ್ಯಮಿ ಅನ್ನಿಸಿಕೊಂಡಳು. ಜನ ಆಕೆಯನ್ನು ಮೇಡಂ ವಾಕರ್ ಅನ್ನುತ್ತಿದ್ದರು.

“ಆಕಿ ಆ ಮುಲಾಮಿಗೆ ಏನೇನ ಹಾಕತಿದ್ಲಂತ ಬರದಾರೇನ್ರಿ ಮೇಡಮ್ಮಾರ?” ಎಂದು ರಮಜಾನಬಿ ಮೈಕಿನಲ್ಲೇ ಕೇಳಿದಳು. ಸಭೆ ನಕ್ಕಿತು. ಅಲ್ಲಿಂದ ಮುಂದೆ ಹುಡುಗಿಯರೆಲ್ಲ “ನಮ್ಮ ವಾಕರ್ ಮೇಡಂ” ಅನ್ನುತ್ತ ಅವಳೊಂದಿಗೆ ಸೆಲ್ಫಿಗೆ ಮುಗಿಬಿದ್ದರು. ತನುಜಾಳನ್ನು ಯಾರೋ, “ಇವರು ಬೂಬು ಅವರ ಸ್ಟೂಡೆಂಟ್” ಎಂದು ಪರಿಚಯಿಸಿ, ಫೋಟೋ ತೆಗೆಯಲು ಅವಳ ಕೈಗೇ ಮೊಬೈಲು ಕೊಟ್ಟರು. ಹಾನಗಲ್ಲಿಗೆ ಮರಳುವ ಬಸ್ಸಿನಲ್ಲಿ ಅವಳಿಗೆ ಆ ಭಾಷಣದ ಒಂದು ಮಾತೂ ನೆನಪಾಗಲಿಲ್ಲ. ರಮಜಾನಬಿಯ ಕೊರಳಿನ ಹಾರ ಎಷ್ಟು ದಪ್ಪವಿತ್ತು ಎಂಬುದಷ್ಟೇ ನೆನಪಾಯಿತು.

ಇಷ್ಟೆಲ್ಲವನ್ನೂ ಎದೆಯಲ್ಲಿಟ್ಟುಕೊಂಡೇ ಅವಳು ಇವತ್ತು ಅಂಗಡಿಯ ಪರದೆ ಸರಿಸಿದಳು. ರಮಜಾನಬಿ ಒಬ್ಬ ಹುಡುಗಿಯ ಹುಬ್ಬು ತಿದ್ದುತ್ತಿದ್ದಳು. ದಾರದ ಒಂದು ತುದಿ ಹಲ್ಲಿನಲ್ಲಿತ್ತು, ಮಾತಾಡುವಂತಿರಲಿಲ್ಲ. ಕೂತುಕೋ ಎಂದು ಕಣ್ಣಿನಲ್ಲೇ ಹೇಳಿದಳು. ಬಸ್ಸಿನ ಉದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳು ಆ ಎರಡು ಹುಬ್ಬು ಮುಗಿಯುವವರೆಗೆ ತನುಜಾಳ ಬಾಯಲ್ಲಿ ತಣ್ಣಗಾಗತೊಡಗಿದವು.

“ಬಾ ತನುಜಾ. ಚಾ ಕುಡಿತಿ?”

“ಚಾ ಬ್ಯಾಡ್ರಿ ಬೂಬು. ರಟ್ಟೀಹಳ್ಳಿಗೆ ನೀವು ಬರಬ್ಯಾಡ್ರಿ ಅಂತ ಹೇಳಾಕ ಬಂದೇನಿ.”

ಕುರ್ಚಿಯಲ್ಲಿದ್ದ ಹುಡುಗಿ ಸೀನಿದಳು. ರಮಜಾನಬಿ ಅವಳ ಹಣೆಗೆ ಪೌಡರು ಒರೆಸಿ, “ಅಂಕಿತಾ ಕರದಾಳ,” ಅಂದಳು.

“ಆಕಿ ನನ್ನ ತಂಗಿ.”

“ಗೊತ್ತೈತಿ.”

“ಆಕಿ ಕೂದ್ಲ ನನ್ನ ಕೈಯಾಗ ಬೆಳದಾವ್ರಿ. ನಿಮಗ ತಲಿ ಕಡಿಮಿ ಬಿದ್ದಾವೇನು? ಶಿಗ್ಗಾಂವಿ ನಿಮ್ದು. ಸವಣೂರು ನಿಮ್ಮ ನಿಖತಂದು. ಹಿರೇಕೆರೂರಿಗೂ ನಿಮ್ಮ ಹುಡುಗ್ಯಾರು ಹೋಗ್ಯಾರ. ಒಂದ ತಲಿ, ನಮ್ಮ ಮನಿ ತಲಿ, ನನಗ ಬಿಡಾಕ ಆಗೂದಿಲ್ಲ?”

ರಮಜಾನಬಿ ಹುಬ್ಬಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಗೋಡೆಯ ಆಚೆ ಒನಕೆಗಳು ಬೀಳುತ್ತಲೇ ಇದ್ದವು.

“ತಲಿ ಯಾರ್ದೋ ಅವರನ್ನ ಕೇಳು, ತನುಜಾ. ನನ್ನ ಕೇಳಬ್ಯಾಡ.”

“ಯಾಕ ಕರದಾಳ ಅಷ್ಟರ ಹೇಳ್ರಿ.”

“ಅದನ್ನೂ ಆಕಿನ್ನ ಕೇಳು.”

ಮರಳಿ ಬಸ್ಸಿನಲ್ಲಿ ತನುಜಾ ಮೊಬೈಲು ತೆಗೆದು ಅಂಕಿತಾಳ ಹೆಸರಿನ ಮೇಲೆ ಬೆರಳು ಇಟ್ಟಳು. ಒತ್ತಲಿಲ್ಲ. ಕೇಳಿದರೆ ತಂಗಿ, “ಬೂಬು ನಿನಗಿಂತ ಚಲೋ ಹಾಕ್ತಾರ ಅಕ್ಕಾ,” ಅಂದುಬಿಟ್ಟರೆ? ಆ ಮಾತು ಕೇಳುವುದಕ್ಕಿಂತ ಕೇಳದೇ ಸಂಕಟಪಡುವುದೇ ಮೇಲು ಅನ್ನಿಸಿತು. ಕಿಟಕಿಯಾಚೆ ಗೋವಿನಜೋಳದ ಹೊಲಗಳು ಒಂದೇ ಸಮನೆ ಹಿಂದೆ ಸರಿಯುತ್ತಿದ್ದವು. ಹಾನಗಲ್ಲ ಬರುವಷ್ಟರಲ್ಲಿ ಅವಳು ನಿರ್ಧರಿಸಿಯಾಗಿತ್ತು. ಜಡೆಯನ್ನು ಮನೆಯಲ್ಲೇ ಪೂರ್ತಿ ಹೆಣೆದು ಒಯ್ಯುವುದು. ರಮಜಾನಬಿ ಬರುವ ಮೊದಲೇ ತಂಗಿಯ ಬೆನ್ನ ಹಿಂದೆ ಕೂತುಬಿಡುವುದು. ಬೋರ್ಡಿನ ಮೇಲಿನ ಜಡೆಯನ್ನೂ ಮೀರಿಸುವಂಥದು ಕಣ್ಣ ಮುಂದೆ ಇದ್ದರೆ ಯಾರು ಬೇಡವೆನ್ನುತ್ತಾರೆ?

ಗುರುವಾರ ಮಧ್ಯಾಹ್ನ ಪಾರ್ಲರಿಗೆ ಬೀಗ ಹಾಕಿ ಕೂತಳು. ಗಟ್ಟಿ ರಟ್ಟಿನ ಪಟ್ಟಿಗೆ ಬಟ್ಟೆ ಹೊದಿಸಿ, ಅದರ ಮೇಲೆ ಒಂದೊಂದೇ ಮೊಗ್ಗನ್ನು ಸೂಜಿಯಿಂದ ಕೂಡಿಸುತ್ತ ಹೋದಳು. ಅಂಕಿತಾಳ ಕೂದಲು ಎಲ್ಲಿಗೆ ಮುಟ್ಟುತ್ತದೆಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ, ಅವಳ ತೊಡೆಗೆ ಅದರ ಭಾರ ಗೊತ್ತಿತ್ತು. ಸಾಲದ್ದಕ್ಕೆ ಒಂದು ಗೇಣು ಹೆಚ್ಚೇ ಇರಲಿ ಎಂದು ಬೆಳೆಸಿದಳು. ಗಂಡ ಸಂಜಯ ಚಹಾ ಹಿಡಿದು ಬಂದು ಬಾಗಿಲಲ್ಲೇ ನಿಂತ.

“ಇದು ಕುಬಸಕ್ಕ ಹೊಂಟ ಜಡಿನೋ, ಯುದ್ಧಕ್ಕ ಹೊಂಟ ಕತ್ತಿನೋ?”

“ಸುಮ್ನ ಚಾ ಇಟ್ಟು ಹೋಗ್ರಿ.”

ಮೊಗ್ಗು ಅರಳಬಾರದೆಂದು ಬಾಳೆಎಲೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಿನಲ್ಲಿಟ್ಟಳು. ಹಾಲು, ಮೊಸರು, ಕೊತ್ತಂಬರಿ ಎಲ್ಲ ಹೊರಗೆ ಬಂದವು. ಮಾರನೆಯ ದಿನ ಸಂಜಯ ಕರಿ ಚಹಾ ಕುಡಿದು ಕೆಲಸಕ್ಕೆ ಹೋದ.

ಶುಕ್ರವಾರ ರಟ್ಟೀಹಳ್ಳಿಯ ಮನೆಯ ಮುಂದೆ ಅವಳು ರಿಕ್ಷಾ ಇಳಿದಾಗ ಅಂಗಳದ ತುಂಬ ಹೆಂಗಸರು. ಉಡಿ ತುಂಬುವ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ಬಳೆ ಎಲ್ಲ ತಟ್ಟೆಯಲ್ಲಿ ತಯಾರಾಗಿದ್ದವು. ಹಂಸಭಾವಿಯಿಂದ ಬುತ್ತಿ ಹೊತ್ತು ಬಂದಿದ್ದ ಸಿದ್ದವ್ವ ಮಗಳ ಕೈಯಲ್ಲಿದ್ದ ಉದ್ದನೆಯ ಡಬ್ಬಿ ನೋಡಿ ಹುಬ್ಬು ಏರಿಸಿದಳು.

“ಕೈ ಬೀಸಿಕೋತ ಬಾ ಅಂದಿದ್ದೆ. ರಮಜಾನಬಿ ಬಂದು ಒಳಗ ಹೋಗ್ಯಾಳ. ಬಾಗಿಲಾ ಹಾಕ್ಕೊಂಡಾರ.”

“ಬಾಗಿಲಾ ಯಾಕ?”

“ಯಾರಿಗ್ಗೊತ್ತವಾ.”

“ಬಾಗಿಲಾ ಹಾಕ್ಕೊಂಡು ಹಾಕೂವಂಥಾ ಜಡಿ ಎಂಥಾದ್ದ ಇರತೈತಿ ನೋಡೂನು,” ಅಂದಳು ಓಣಿಯ ಒಬ್ಬ ಮುದುಕಿ. ಉಳಿದವರು ನಕ್ಕರು.

ತನುಜಾ ಸೀದಾ ಹೋಗಿ ಕದ ಬಡಿದಳು. “ಅಂಕಿತಾ, ನಾನು. ತಗಿ.” ಒಳಗೆ ಪಿಸುಮಾತು. ಚಿಲಕ ಸರಿಯಿತು. ಅವಳು ಡಬ್ಬಿ ಸಮೇತ ಒಳಗೆ ನುಗ್ಗಿ, ಹಾಗೇ ನಿಂತಳು.

ಹಸಿರು ಸೀರೆಯುಟ್ಟು ಮಣೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ ಅಂಕಿತಾಳ ತಲೆ ಕಿಟಕಿಯ ಬೆಳಕಿನಲ್ಲಿತ್ತು. ಬಲಗಿವಿಯ ಮೇಲಿಂದ ನೆತ್ತಿಯವರೆಗೆ ಅಂಗೈಯಗಲ ಕೂದಲೇ ಇರಲಿಲ್ಲ, ಹಸುಗೂಸಿನ ಅಂಗಾಲಿನಂಥ ಚರ್ಮ. ಉಳಿದದ್ದು ತೆಳ್ಳಗೆ, ಹೆಗಲಿನವರೆಗೆ. ಇಲಿಬಾಲದಷ್ಟೂ ಇಲ್ಲ.

“ಬಾಗಿಲಾ ಹಾಕು ಅಕ್ಕಾ,” ಅಂದಳು ಅಂಕಿತಾ, ತಿರುಗದೆ.

ತನುಜಾ ಬಾಗಿಲು ಹಾಕಿದಳು. ಮೊದಲು ಬಂದದ್ದು ಮರುಕವಲ್ಲ. ತನ್ನ ಪಕ್ಕದಲ್ಲಿ ಬಾಚಣಿಗೆ ಹಿಡಿದು ನಿಂತಿದ್ದ ರಮಜಾನಬಿಯನ್ನು ನೋಡಿದಾಗ ಎದೆಯಲ್ಲಿ ಎದ್ದದ್ದು ಆ ಹಳೆಯ ಉರಿಯೇ. ಇದನ್ನು ಇವಳಿಗೆ ತೋರಿಸಿದಳು. ನನಗಲ್ಲ.

“ಯಾವಾಗಿಂದ?”

“ಜ್ವರಾ ಬಂದಿತ್ತಲಾ, ಬಸರ ಗೊತ್ತಾಗೂ ಮೊದ್ಲ. ಆಗಿಂದ. ದಿನಾ ಎದ್ರ ದಿಂಬಿನ ತುಂಬ ಕೂದ್ಲ. ಮತ್ತ ಬರ್ತಾವು ಅಂತಾರ ಡಾಕ್ಟ್ರು. ಬೂಬೂನೂ ಹಂಗ ಅಂತಾರ.”

“ಬೂಬುಗ ಯಾವಾಗ ಹೇಳಿದಿ?”

“ಆಗಲೇ. ಅವರ ಎಣ್ಣಿ ತರಸಾಕ ಫೋನ್ ಮಾಡಿದ್ದೆ.”

“ನಿನ್ನ ಗಂಡಗ? ಅತ್ತಿಗೆ?”

“ಇವ್ರಿಗೆ ಗೊತ್ತು. ಅತ್ತಿ ಕಂಡೂ ಕಾಣದಂಗ ಅದಾರ. ಸೆರಗ ಹೊತ್ತಗೊಂಡ ಇರು, ಓಣಿ ಮಂದಿ ಬಾಯಾಗ ಬೀಳೂದ ಬ್ಯಾಡ ಅಂದಾರ.”

“ಎಲ್ಲಾರಿಗೂ ಗೊತ್ತು. ನನಗ ಅಷ್ಟ ಇಲ್ಲ.”

ಅಂಕಿತಾ ಈಗ ತಿರುಗಿದಳು. ಮುಖ ತುಂಬಿಕೊಂಡು ಚೆಂದಾಗಿತ್ತು. ಕಣ್ಣು ಮಾತ್ರ ಒದ್ದೆ.

“ನಿನ್ನ ಬೋರ್ಡಿನ ಮ್ಯಾಲಿನ ಜಡಿ ಉದುರಿ ಹೋತಂತ ನಿನಗ ಹೆಂಗ ಹೇಳ್ಲಿ ಅಕ್ಕಾ? ನೀ ಫೋನ್ ಮಾಡಿದ್ರ ಮೊದ್ಲ ಕೇಳೂದ ಅದನ್ನ. ಕೂದ್ಲಕ್ಕ ಎಣ್ಣಿ ಹಚ್ಚಿದ್ಯೇನು ಅಂತ. ಆರಾಮ ಅದಿಯೇನು ಅಂತ ಆಮ್ಯಾಲೆ ಕೇಳ್ತಿ.”

ಹೊರಗೆ ಯಾರೋ ಕೂಗಿದರು: “ಆತೇನ್ರಿ? ಹೊತ್ತಾಗಾಕತ್ತೈತಿ!”

ತನುಜಾಳ ಕೈಯಿಂದ ಡಬ್ಬಿಯನ್ನು ರಮಜಾನಬಿಯೇ ತೆಗೆದುಕೊಂಡು ಬಿಚ್ಚಿದಳು. ಬಾಳೆಎಲೆ ಸರಿಸಿದಳು. ಒಂದು ಮೊಗ್ಗೂ ಅರಳಿರಲಿಲ್ಲ. ಅಷ್ಟುದ್ದದ ಜಡೆ ಬಿಳಿಯಾಗಿ, ತಣ್ಣಗೆ, ಬಿಗಿಯಾಗಿ ಮಲಗಿತ್ತು. ಅವಳು ಅದನ್ನು ಎರಡೂ ಅಂಗೈಯಲ್ಲಿ ಎತ್ತಿ ತೂಗಿದಳು. ಈಗಲಾದರೂ ಹೇಳುತ್ತಾಳೆ ಎಂದು ತನುಜಾ ಆ ಹೊತ್ತಿನಲ್ಲೂ ಕಾದಳು.

“ಭಾಳ ಭಾರ ಐತಿ,” ಅಂದಳು ರಮಜಾನಬಿ.

ಅದನ್ನು ಕಟ್ಟಲು ಅಂಕಿತಾಳ ತಲೆಯಲ್ಲಿ ಆಸರೆಯೇ ಇರಲಿಲ್ಲ. ರಮಜಾನಬಿ ತಂದದ್ದು ಬೇರೆ. ತೆಳು ದಾರದಲ್ಲಿ ಪೋಣಿಸಿದ ಮೊಗ್ಗಿನ ಎಳೆಗಳು. ಅವನ್ನು ಸುತ್ತು ಸುತ್ತಾಗಿ ತಲೆಗೆ ಹೂದಂಡೆಯಂತೆ ಕೂಡಿಸಿ, ಬಲಗಿವಿಯ ಮೇಲೆ ದಟ್ಟವಾಗಿ ಇಳಿಬಿಡುವ ಯೋಚನೆ. ಆದರೆ ಬಸ್ಸಿನ ಸೆಕೆಗೆ ಅರ್ಧ ಮೊಗ್ಗು ಅರಳಿ, ಅಂಚು ಕಂದಿತ್ತು. ಅದನ್ನು ಕಂಡು ತನುಜಾಳಿಗೆ ಒಳಗೊಳಗೆ ಒಂದು ಚಿಟಿಕೆ ಸಂತೋಷವಾಯಿತು. ಆಗಬಾರದಿತ್ತು, ಆಯಿತು.

“ಇಷ್ಟರಾಗ ಮುಚ್ಚೂದಿಲ್ಲ. ನಿನ್ನೂ ಬೇಕು,” ಎಂದು ರಮಜಾನಬಿ ಕತ್ತರಿ ಚಾಚಿದಳು. “ನಿಂದ ನೀನ ಬಿಚ್ಚು.”

ತನುಜಾ ಕತ್ತರಿ ಹಿಡಿದಳು. ಒಂದು ಮಧ್ಯಾಹ್ನವೆಲ್ಲ ಹಾಕಿದ ಹೊಲಿಗೆ ಕಚ್ ಕಚ್ ಎಂದು ಬಿಚ್ಚತೊಡಗಿತು. ಮೊಗ್ಗುಗಳು ಉಡಿಗೆ ಬಿದ್ದವು. ಅತ್ತ ರಮಜಾನಬಿ ಅಂಕಿತಾಳ ಹಿಂದೆ ಕೂತು ಬೈತಲೆ ತೆಗೆಯತೊಡಗಿದಳು. ಅವಳ ಬೆರಳುಗಳಿಗೂ ಈಗ ವಯಸ್ಸಾಗಿತ್ತು, ಮೊದಲಿನಂತೆ ಬಾಗುತ್ತಿರಲಿಲ್ಲ. ಬೋಳಿನ ಅಂಚಿಗೆ ಬಾಚಣಿಗೆ ತಾಗಿದ್ದೇ ಅಂಕಿತಾ “ಸ್ಸ್” ಎಂದು ಹೆಗಲು ಎಳೆದುಕೊಂಡಳು. ಇನ್ನೊಮ್ಮೆ. ಮತ್ತೂ “ಸ್ಸ್”.

ರಮಜಾನಬಿ ಎದ್ದು ಬಾಚಣಿಗೆಯನ್ನು ತನುಜಾಳ ಕೈಗಿಟ್ಟಳು. ಉಡಿಯ ಮೊಗ್ಗು ತನ್ನ ಸೆರಗಿಗೆ ಸುರಿದುಕೊಂಡಳು.

“ಕುಂದ್ರು. ನಾ ಪೋಣಿಸ್ತೇನಿ. ಸಣ್ಣ ಬೈತಲಿ, ಸಣ್ಣ ಹೆಣಿಕಿ. ನನ್ನ ತಲಿ ಅಂತ ತಿಳ್ಕೋ.”

ತಂಗಿಯ ಬೆನ್ನ ಹಿಂದೆ ತನುಜಾ ಕೂತಳು. ಈ ಜಾಗಕ್ಕಾಗಿಯೇ ಅವಳು ಬಂದದ್ದು. ಆದರೆ ಕೈಗೆ ಬಂದದ್ದು ಆ ಒದ್ದೆ ಹಗ್ಗದ ಭಾರವಲ್ಲ, ಊದಿದರೆ ಹಾರುವಂಥ ಎಳೆಗಳು. ಒಂದೊಂದನ್ನೂ ಅದು ಎತ್ತ ಹೊರಟಿತ್ತೋ ಅತ್ತ ಬಿಟ್ಟು, ಹಿಂದೆ ಹಿಂದೆ ಹೋದಳು. ಚೌಕ ಚೌಕವಾಗಿ ಬೈತಲೆ ತೆಗೆದು, ನೆತ್ತಿಗೆ ಅಂಟಿದಂತೆ ಸಣ್ಣ ಹೆಣಿಕೆಗಳನ್ನು ಹಾಕುತ್ತ, ಅವುಗಳ ತುದಿಗಳನ್ನು ಆ ಬರಿದು ಜಾಗದ ಮೇಲೆ ಬಲೆಯಂತೆ ಹಾಯಿಸಿದಳು. ಮೊಗ್ಗಿನ ಎಳೆ ಆ ಬಲೆಗೆ ಕಚ್ಚಿ ಕೂತಿತು. ಬೆರಳ ತುದಿಗೆ ತಂಗಿಯ ನೆತ್ತಿಯ ಬಿಸಿ ತಾಗುತ್ತಿತ್ತು. ಇಷ್ಟು ವರ್ಷ ಬಾಚಿದರೂ ಆ ಬಿಸಿ ಅವಳಿಗೆ ಗೊತ್ತಿರಲಿಲ್ಲ, ನಡುವೆ ಅಷ್ಟು ಕೂದಲಿತ್ತು.

“ನೋವಾತೇನು?” ಎಂದು ಕೇಳಿದಳು.

“ಯಾವಾಗ ಶುರು ಮಾಡ್ತಿ?” ಅಂದಳು ಅಂಕಿತಾ, ಅರೆನಿದ್ದೆಯಲ್ಲಿ.

ರಮಜಾನಬಿ ಸೂಜಿಯಿಂದ ಕಣ್ಣೆತ್ತಲಿಲ್ಲ.

ಬಾಗಿಲು ತೆರೆದಾಗ ಅಂಗಳದ ಕಣ್ಣೆಲ್ಲ ಅಂಕಿತಾಳ ತಲೆಗೆ ಹೊರಳಿತು. ಉದ್ದ ಜಡೆ ಇರಲಿಲ್ಲ. ತಲೆಯೇ ಒಂದು ಬಿಳಿ ಹೂವಾಗಿತ್ತು. ಒಂದು ಕಡೆ ಮೊಗ್ಗಿನ ಎಳೆಗಳು ಕಿವಿ ದಾಟಿ ಹೆಗಲಿಗೆ ಇಳಿದಿದ್ದವು.

“ಅಯ್ಯ, ಎಂಥಾ ಹೊಸಾ ನಮೂನಿವಾ ಇದು!”

“ಇದಕ್ಕ ಬಾಗಿಲಾ ಹಾಕ್ಕೊಂಡಿದ್ರು ನೋಡು.”

“ರಮಜಾನಬಿ ಕೈ ಅಂದ್ರ ಸುಮ್ನ ಅಲ್ಲ ತಗೋ!”

ಸಿದ್ದವ್ವ ತನುಜಾಳ ಮೊಣಕೈ ತಿವಿದಳು. “ನೋಡಿ ಕಲತಕೋಬೇ.”

ತನುಜಾಳ ಮುಖಕ್ಕೆ ರಕ್ತ ನುಗ್ಗಿತು. ಅವಳು ರಮಜಾನಬಿಯ ಕಡೆ ನೋಡಿದಳು. ಒಂದೇ ಮಾತು ಸಾಕಿತ್ತು. ರಮಜಾನಬಿ ಕಂಬಕ್ಕೆ ಒರಗಿ, ಸವಣೂರಿನ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡು, ಹೊಗಳಿಕೆಯನ್ನೆಲ್ಲ ತನ್ನದೇ ಎಂಬಂತೆ ತಲೆಯಾಡಿಸುತ್ತ ಕೇಳುತ್ತಿದ್ದಳು. ಆರತಿ ಆಯಿತು. ಹಾಡು ಆಯಿತು. ಅಂಕಿತಾ ತಲೆ ಎತ್ತಿ ಕೂತಿದ್ದಳು, ಸೆರಗಿಲ್ಲದೆ, ಎಲ್ಲರ ಕಣ್ಣೆದುರು. ಅದನ್ನು ನೋಡಿದಾಗ ತನುಜಾ ಎಲ್ಲ ಮರೆಯುತ್ತಿದ್ದಳು. ಮರುಕ್ಷಣ ಯಾರೋ ರಮಜಾನಬಿಗೆ ಎರಡನೆಯ ಹೋಳಿಗೆ ಬಡಿಸುತ್ತಿದ್ದರು, ಮತ್ತೆ ಹೊಟ್ಟೆಯಲ್ಲಿ ಕೆಂಡ.

ಊಟ ಮುಗಿಸಿ ರಮಜಾನಬಿ ಚೀಲ ಹೆಗಲಿಗೇರಿಸಿ ಹೊರಟಾಗ ತನುಜಾ ಬೆನ್ನು ಹತ್ತಿದಳು. ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಅವಳನ್ನು ಹಿಡಿದಳು.

“ನಾ ಹಾಕಿದ್ದು ಅಂತ ಯಾಕ ಹೇಳ್ಲಿಲ್ರಿ?”

“ನೀ ಹಾಕಿದ್ದಿ ಅಂದಿದ್ರ ಬೋರ್ಡಿನ ಜಡಿ ಎಲ್ಲೇ ಅಂತ ಕೇಳತಿದ್ರು. ಹೂವಾ ಎತ್ತಿ ನೋಡತಿದ್ರು. ನಾ ಹಾಕೇನಿ ಅಂದ್ರ ಹೊಸಾ ನಮೂನಿ ಅಂತಾರ, ಮುಗೀತು.” ರಮಜಾನಬಿ ಎಲೆಯ ರಸ ಉಗುಳಿ ಬಾಯಿ ಒರೆಸಿಕೊಂಡಳು. “ನಿನ್ನ ತಂಗಿ ತಲಿ ಮುಚ್ಚಿಡಾಕ ಬಂದಿದ್ಯೋ, ನಿನ್ನ ಹೆಸರು ತೋರಸಾಕ ಬಂದಿದ್ಯೋ?”

“ಎರಡೂ,” ಅಂದಳು ತನುಜಾ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ರಮಜಾನಬಿ ಗಟ್ಟಿಯಾಗಿ ನಕ್ಕಳು. “ಹಂಗ ಹೇಳು ಮತ್ತ!”

ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಜನ ಚೀಲ ಎತ್ತಿಕೊಳ್ಳತೊಡಗಿದರು. ಇಷ್ಟು ವರ್ಷ ಮುರಿದ ಮುಳ್ಳಿನಂತೆ ಒಳಗೇ ಉಳಿದದ್ದು ತನುಜಾಳ ಬಾಯಿಗೆ ಬಂದುಬಿಟ್ಟಿತು.

“ನಿಖತಗ ಭೇಷ್ ಅಂದ್ರಿ. ಹಿರೇಕೆರೂರಿನ ಹುಡುಗ್ಯಾರಿಗೂ ಅಂದ್ರಿ. ನನಗ ಒಮ್ಮೆನೂ ಅನ್ಲಿಲ್ಲ. ನಾ ನಿಮ್ಮ ತಲಿ ಒಂದ ಸಲಾನೂ ನೋಯಿಸಲಿಲ್ಲ ಬೂಬು. ಯಾಕ ಅನ್ಲಿಲ್ಲ?”

“ನಿಖತಗ ಅನ್ನದಿದ್ರ ಮರುದಿನಾನ ಬಿಟ್ಟು ಹೊಕ್ಕಿದ್ಲು. ಬಡ ಹುಡುಗಿ, ಬಿಟ್ಟು ಎಲ್ಲಿಗೆ ಹೋಗಬೇಕು?”

“ನನಗ?”

ಬಸ್ಸು ಬಂದು ನಿಂತಿತು. ಧೂಳು ಎದ್ದಿತು. ರಮಜಾನಬಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ತನುಜಾಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಕೈ ಎತ್ತಿ ತನುಜಾಳ ಹೆಗಲಿಗೆ ಅಂಟಿದ್ದ ಒಂದು ಮೊಗ್ಗನ್ನು ತೆಗೆದು ತನ್ನ ಗುಂಗುರು ಕೂದಲಿಗೆ ಸಿಕ್ಕಿಸಿಕೊಂಡಳು.

“ನಿನಗ... ಆವತ್ತು ಮೊದಲನೇ ದಿನಾ ನೀ ನನ್ನ ತಲಿ ಮ್ಯಾಲ ಕೈ ಇಟ್ಟಿದ್ಯಲಾ ತನುಜಾ,” ಎಂದು ಅವಳು ಬಸ್ಸಿನ ಕಡೆ ತಿರುಗಿ, ಜನರನ್ನು ಸರಿಸುತ್ತ ನಡೆದಳು, “ಆಗ ನನಗ ಏನ ಅನಿಸ್ತು ಅಂದ್ರ, ಈ ಹುಡುಗಿಗೆ ನಾ ಕಲಿಸೂದ ಏನೂ ಇಲ್ಲ ಅಂತ.”